ದಿನಾಂಕ ಸಿಗದ ಪಂದ್ಯಗಳು

ಕೋಲಾರ ಜಿಲ್ಲೆ, ಫುಟ್‌ಬಾಲ್ ಎಂದ ಕೂಡಲೇ ಯಾರಿಗಾದರೂ ಮೊದಲು ನೆನಪಾಗುವುದು ಕೆಜಿಎಫ್. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಇಂಗ್ಲಿಷರು ಗಣಿ ಯಂತ್ರಗಳ ಜೊತೆಗೆ ತಮ್ಮ ಆಟಗಳನ್ನೂ ಅಲ್ಲಿಗೆ ತಂದರು. ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಕಾಲೊನಿಗಳಲ್ಲಿ ಕಾರ್ಮಿಕರ ಮಕ್ಕಳು ಫುಟ್‌ಬಾಲ್, ಹಾಕಿ ಆಡುತ್ತ ಬೆಳೆದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೂ ಅಲ್ಲಿ ಚೆಂಡು ಉರುಳುವುದು ನಿಲ್ಲಲಿಲ್ಲ.

ನಾನು ಬರೆಯಹೊರಟಿರುವುದು ಮಾತ್ರ ಕೆಜಿಎಫ್ ಬಗ್ಗೆ ಅಲ್ಲ, ಅದರ ನೆರೆಯ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಗ್ಗೆ. ಅಲ್ಲಿ ಫುಟ್‌ಬಾಲಿಗೆ ಅಂಥ ವಂಶಾವಳಿ ಏನೂ ಇಲ್ಲ. ಅವು ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಊರುಗಳು. ಫುಟ್‌ಬಾಲ್ ಅಲ್ಲಿಗೆ ಮೈದಾನದ ದಾರಿಯಲ್ಲಿ ಬಂದದ್ದಕ್ಕಿಂತ ಹೆಚ್ಚಾಗಿ ಟಿವಿಯಲ್ಲಿ, ಆಮೇಲೆ ಅಗ್ಗದ ಮೊಬೈಲ್ ಡೇಟಾದಲ್ಲಿ ಬಂತು. ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯ ನಮ್ಮ ಕಡೆ ಹೆಚ್ಚಾಗಿ ಶುರುವಾಗುವುದು ಸರಿರಾತ್ರಿ ಒಂದೂವರೆಗೆ. ಮನೆಯವರಿಗೆ ಗೊತ್ತಾಗದಂತೆ ಹೊದಿಕೆಯೊಳಗೆ ಮೊಬೈಲ್ ಹಿಡಿದು ಅದನ್ನು ನೋಡಿ, ಬೆಳಗಾಗುತ್ತಲೇ ಟೊಮೆಟೊ ಕ್ರೇಟುಗಳ ಜೊತೆ ಮಂಡಿಗೆ ಹೊರಡುವ ಹುಡುಗರು ಕೋಲಾರದ ಸುತ್ತ ಈಗಲೂ ಇದ್ದಾರೆ. ಲಿವರ್‌ಪೂಲ್ ಎಲ್ಲಿದೆ ಎಂದು ನಕಾಶೆಯಲ್ಲಿ ತೋರಿಸಲಾರದವನು ಅದರ ಹನ್ನೊಂದು ಆಟಗಾರರ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಾನೆ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ ಈ ಹುಡುಗರಿಗೆ ಕಣ್ಣೆದುರೇ ನೋಡಬಹುದಾದ ಒಂದು ತಂಡ ಸಿಕ್ಕಿತು. ಕಂಠೀರವ ಕ್ರೀಡಾಂಗಣದಲ್ಲಿ ಸಂಜೆ ಏಳೂವರೆಯ ಪಂದ್ಯ. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಗುಂಪು ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುತ್ತದೆ. ಮಾಲೂರಿನವರಿಗೆ ರೈಲಿದೆ. ಕೋಲಾರ, ಮುಳಬಾಗಿಲಿನವರು ಮೆಜೆಸ್ಟಿಕ್ಕಿಗೆ ಬಂದು ತಿರುಪತಿ ಬಸ್ಸು ಹತ್ತಬೇಕು. ಮುಡಿ ಕೊಡಲು ಹೊರಟ ಯಾತ್ರಿಕರ ನಡುವೆ ನೀಲಿ ಜೆರ್ಸಿ ತೊಟ್ಟು ಕೂತು, ನಡುರಾತ್ರಿ ಹೆದ್ದಾರಿಯ ಪಕ್ಕ ಇಳಿದು ಮನೆಗೆ ನಡೆಯಬೇಕು. ಶ್ರೀನಿವಾಸಪುರದವರ ಪಾಡಂತೂ ಕೇಳಲೇಬೇಡಿ, ಕೋಲಾರದಿಂದ ಮುಂದಕ್ಕೆ ಯಾರದಾದರೂ ಬೈಕೇ ಗತಿ.

2020ರ ಮಾರ್ಚ್ 1ರಂದು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲಿನ ಮೊದಲ ಪಂದ್ಯದಲ್ಲಿ ಬೆಂಗಳೂರು ತಂಡ ಕೋಲ್ಕತ್ತದ ಎಟಿಕೆಯನ್ನು ಕಂಠೀರವದಲ್ಲಿ 1–0ಯಿಂದ ಸೋಲಿಸಿತು. ಮಾರ್ಚ್ 8ರಂದು ಕೋಲ್ಕತ್ತದಲ್ಲಿ 3–1ರಿಂದ ಸೋತು ಹೊರಬಿತ್ತು. ಹೋಗಲಿ ಬಿಡು, ಮುಂದಿನ ಸೀಸನ್ ಇದೆಯಲ್ಲ ಎಂದು ಹುಡುಗರು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ಮರುದಿನವೇ ಬೆಂಗಳೂರಿನಲ್ಲಿ ರಾಜ್ಯದ ಮೊದಲ ಕೊರೊನಾ ಪ್ರಕರಣ ಪತ್ತೆಯಾಯಿತು. 14ರಂದು ಗೋವಾದಲ್ಲಿ ಐಎಸ್‌ಎಲ್ ಫೈನಲ್ ಪ್ರೇಕ್ಷಕರಿಲ್ಲದೆ ನಡೆಯಿತು. ಮಾರ್ಚ್ 26ಕ್ಕೆ ಭುವನೇಶ್ವರದಲ್ಲಿ ನಡೆಯಬೇಕಿದ್ದ ಭಾರತ–ಕತಾರ್ ವಿಶ್ವಕಪ್ ಅರ್ಹತಾ ಪಂದ್ಯ ಮುಂದಕ್ಕೆ ಹೋಯಿತು.

ಇತ್ತ ನಾನಿರುವ ಇಂಗ್ಲೆಂಡಿನಲ್ಲಿ ಆರ್ಸೆನಲ್ ತಂಡದ ಕೋಚ್ ಅರ್ಟೆಟಾಗೆ ಸೋಂಕು ತಗುಲಿದ ಸುದ್ದಿ ಬಂದ ಮರುದಿನ, ಮಾರ್ಚ್ 13ರಂದು, ಪ್ರೀಮಿಯರ್ ಲೀಗ್ ನಿಂತಿತು. ಮೊದಲು ಏಪ್ರಿಲ್ 4ರವರೆಗೆ ಎಂದರು, ಆಮೇಲೆ ಏಪ್ರಿಲ್ 30 ಎಂದರು, ಕೊನೆಗೆ ದಿನಾಂಕ ಹೇಳುವುದನ್ನೇ ಬಿಟ್ಟರು.

ಮುಳಬಾಗಿಲಿನಲ್ಲಿರುವ ಅಕ್ಕನ ಮಗ ಆ ವಾರ ಫೋನ್ ಮಾಡಿದ. ಅವನು ಲಿವರ್‌ಪೂಲ್ ಭಕ್ತ. “ಏನ್ ಮಾಮ, ನಿಮ್ ದೇಶದೋರು ಲೀಗನ್ನೇ ನಿಲ್ಲಿಸ್‌ಬಿಟ್ರಲ್ಲ! ಇನ್ನೆರಡು ಮ್ಯಾಚ್ ಗೆದ್ದಿದ್ರೆ ಸಾಕಾಗಿತ್ತು” ಎಂದು ನಾನೇ ನಿಲ್ಲಿಸಿದವನಂತೆ ನನ್ನನ್ನು ತರಾಟೆಗೆ ತೆಗೆದುಕೊಂಡ. ಅವನ ಲೆಕ್ಕ ಸರಿಯಾಗಿತ್ತು. ಲಿವರ್‌ಪೂಲ್ 25 ಅಂಕ ಮುಂದಿತ್ತು, ಮೂವತ್ತು ವರ್ಷಗಳ ಕಾಯುವಿಕೆ ಮುಗಿಯಲು ಎರಡೇ ಗೆಲುವು ಬೇಕಿತ್ತು. ಅವನ ಗೆಳೆಯರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯವರು ‘ಸೀಸನ್ನೇ ರದ್ದಂತೆ’ ಎಂದು ಗಾಳಿಸುದ್ದಿ ಹಬ್ಬಿಸಿ ದಿನವೂ ಅವನ ಹೊಟ್ಟೆ ಉರಿಸುತ್ತಿದ್ದರು. ಇನ್ನು ಕೆಲವರು ಎಲ್ಲೂ ಆಟ ಸಿಗದೆ, ಲೀಗ್ ನಿಲ್ಲಿಸದೇ ಇದ್ದ ಬೆಲಾರೂಸಿನ ಪಂದ್ಯಗಳ ಸ್ಕೋರು ಹುಡುಕಿ ನೋಡುತ್ತಿದ್ದರು.

ಫೋನಿನ ಹಿಂದಿನಿಂದ ಅಕ್ಕನ ದನಿ ಕೇಳುತ್ತಿತ್ತು: “ಜನ ಸಾಯ್ತಾವ್ರೆ, ಇವ್ನಿಗೆ ಚೆಂಡಿನ ಚಿಂತೆ.”

ಅಕ್ಕನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. 2020ರ ಯುಗಾದಿ ಬಂದದ್ದು ಮಾರ್ಚ್ 25ರಂದು, ದೇಶಕ್ಕೇ ಬೀಗ ಬಿದ್ದ ಮೊದಲ ದಿನ. ಬೇವು ಬೆಲ್ಲಕ್ಕೆ ನೆಂಟರಿಲ್ಲ, ಕರಗ ಇಲ್ಲ, ಜಾತ್ರೆ ಇಲ್ಲ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾದ ಕೋಲಾರದ ಎಪಿಎಂಸಿಗೆ ಬರುವ ರೈತನಿಗೆ ಲಾರಿ ಸಿಗುತ್ತದೋ ಇಲ್ಲವೋ ಎಂಬ ಆತಂಕ. ಶ್ರೀನಿವಾಸಪುರದ ಮಾವಿನ ತೋಟದವರಿಗೆ ಹೊರರಾಜ್ಯದ ವ್ಯಾಪಾರಿಗಳು ಬರುತ್ತಾರೋ ಇಲ್ಲವೋ ಎಂಬ ಚಿಂತೆ. ಮುಳಬಾಗಿಲಿನಾಚೆ ನಂಗಲಿಯ ಚೆಕ್‌ಪೋಸ್ಟಿನಲ್ಲಿ ಆಂಧ್ರದ ಗಡಿ ಬಂದ್. ದಿನಗೂಲಿಗೆಂದು ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದ ಮಾಲೂರು, ಬಂಗಾರಪೇಟೆಯ ಜನಕ್ಕೆ ರೈಲೇ ಇಲ್ಲ. ಇಷ್ಟೆಲ್ಲದರ ನಡುವೆ ಫುಟ್‌ಬಾಲ್ ನಿಂತದ್ದೂ ಒಂದು ನೋವೇ?

ನಿಲ್ಲಿಸಿದ್ದು ಸರಿಯೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಫೆಬ್ರುವರಿ 19ರಂದು ಮಿಲಾನಿನ ಕ್ರೀಡಾಂಗಣದಲ್ಲಿ ಅಟಲಾಂಟಾ ಮತ್ತು ವೆಲೆನ್ಸಿಯಾ ಆಡಿದಾಗ ಪಕ್ಕದ ಬೆರ್ಗಾಮೊ ಪಟ್ಟಣದಿಂದ ಸುಮಾರು 40 ಸಾವಿರ ಜನ ಬಸ್ಸು ರೈಲುಗಳಲ್ಲಿ ಬಂದಿದ್ದರು. ಅವರ ತಂಡ ಅಟಲಾಂಟಾ 4–1ರಿಂದ ಗೆದ್ದಿತು, ಊರಿಗೆ ಊರೇ ಅಪ್ಪಿಕೊಂಡು ಕುಣಿಯಿತು. ಕೆಲವೇ ವಾರಗಳಲ್ಲಿ ಬೆರ್ಗಾಮೊದಲ್ಲಿ ಶವಪೆಟ್ಟಿಗೆ ಸಾಗಿಸಲು ಸೇನೆಯ ಟ್ರಕ್ಕುಗಳು ಬೇಕಾದವು. ಸೋಂಕು ಹಬ್ಬಲು ಆ ಪಂದ್ಯವೂ ಒಂದು ಕಾರಣವೆಂದು ಅಲ್ಲಿನ ವೈದ್ಯರೇ ಹೇಳಿದರು. ಗುಂಪು ಸೇರಿದರೆ ರೋಗ ಹಬ್ಬುತ್ತದೆ ಎಂಬುದು ನಮ್ಮ ಹಿರಿಯರಿಗೆ 1898ರ ಪ್ಲೇಗಿನ ಕಾಲದಿಂದಲೂ ಗೊತ್ತಿತ್ತು. ಆಗ ಅವರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು.

ಆದರೂ ಅಕ್ಕನ ಮಗನ ಗೊಣಗಾಟ ಬರೀ ಹುಡುಗಾಟಿಕೆಯಾಗಿರಲಿಲ್ಲ. ಅವನಿಗೂ ನನಗೂ ಮಾತಿಗೆ ಇದ್ದ ಸೇತುವೆಯೇ ಆಟ. ಹೊರದೇಶದಲ್ಲಿರುವ ಮಾಮನ ಹತ್ತಿರ ಇಪ್ಪತ್ತರ ಹುಡುಗ ಇನ್ನೇನು ಮಾತಾಡುತ್ತಾನೆ? “ಊಟ ಆಯ್ತಾ, ಚಳಿ ಇದೆಯಾ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಶನಿವಾರ ಇಲ್ಲಿ ಮಧ್ಯಾಹ್ನ, ಅಲ್ಲಿ ರಾತ್ರಿ, ಇಬ್ಬರ ಕಣ್ಣೂ ಒಂದೇ ಮೈದಾನದ ಮೇಲೆ. ಗೋಲಾದ ಕ್ಷಣಕ್ಕೆ ಮೆಸೇಜು. ಪಂದ್ಯ ನಿಂತಾಗ ಆ ವಾರದ ಭೇಟಿಯೇ ನಿಂತಿತು. ಅನಿವಾಸಿ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಕ್ರಿಕೆಟ್, ಸಿನಿಮಾ, ಧಾರಾವಾಹಿ ಇದೇ ಕೆಲಸ ಮಾಡುತ್ತವೆ. ಅಭಿಮಾನಿಗೆ ಬೇಕಾದದ್ದು ಬರೀ ಆಟವಲ್ಲ, ಇನ್ನೊಬ್ಬರ ಜೊತೆ ಕೂತು ಕಾಯುವ ಒಂದು ಗೊತ್ತಾದ ದಿನ, ಗೊತ್ತಾದ ಹೊತ್ತು. ಕ್ಯಾಲೆಂಡರಿನಲ್ಲಿ ಮುಂದೇನೂ ಬರೆದಿಲ್ಲ ಎಂಬುದೇ ಆ ತಿಂಗಳುಗಳ ದೊಡ್ಡ ಹಿಂಸೆಯಾಗಿತ್ತು.

ಕೋಲಾರ ಜಿಲ್ಲೆ ಮೇ ತಿಂಗಳವರೆಗೂ ಹಸಿರು ವಲಯದಲ್ಲಿತ್ತು. ಮೊದಲ ಪ್ರಕರಣಗಳು ಮೇ 12ರಂದು ಬಂದವು, ಅವೂ ಮುಳಬಾಗಿಲು ತಾಲ್ಲೂಕಿನಲ್ಲೇ. ಅದೇ ವಾರ, ಮೇ 16ರಂದು, ಜರ್ಮನಿಯ ಬುಂಡೆಸ್‌ಲೀಗಾ ಮತ್ತೆ ಶುರುವಾಯಿತು. ಖಾಲಿ ಕ್ರೀಡಾಂಗಣದಲ್ಲಿ ಆಟಗಾರರ ಕೂಗು, ಚೆಂಡಿಗೆ ಬೂಟು ತಾಗಿದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ಜರ್ಮನ್ ತಂಡದವರು ಅಭಿಮಾನಿಗಳ ಫೋಟೊವನ್ನು ರಟ್ಟಿಗೆ ಅಂಟಿಸಿ ಗ್ಯಾಲರಿಯಲ್ಲಿ ನಿಲ್ಲಿಸಿದ್ದರು. ಜೂನ್ 17ರಂದು ಪ್ರೀಮಿಯರ್ ಲೀಗೂ ಶುರುವಾಗಿ, 25ರ ರಾತ್ರಿ ಲಿವರ್‌ಪೂಲ್ ಚಾಂಪಿಯನ್ ಆಯಿತು. ನಮ್ಮ ಹುಡುಗ ಸಂಭ್ರಮಿಸಿದ, ಆದರೆ ಕಂಟೈನ್‌ಮೆಂಟ್ ಬೀದಿಯ ಮನೆಯೊಳಗೆ, ಒಬ್ಬನೇ.

ಅಲ್ಲಿಂದ ಮುಂದೆ ಎರಡು ಸೀಸನ್ ಐಎಸ್‌ಎಲ್ ಪಂದ್ಯಗಳೆಲ್ಲ ಗೋವಾದಲ್ಲೇ ನಡೆದವು. 2020ರ ಅಕ್ಟೋಬರ್ 12ರಂದು ಬೆಂಗಳೂರಿನ ಹೆಮ್ಮೆಯ ಆಟಗಾರ, ಭಾರತ ತಂಡದ ಮಾಜಿ ನಾಯಕ ಕಾರ್ಲ್ಟನ್ ಚಾಪ್‌ಮನ್ 49ರ ವಯಸ್ಸಿಗೇ ತೀರಿಕೊಂಡರು. ಬೇರೆ ಕಾಲವಾಗಿದ್ದರೆ ಒಂದು ಪಂದ್ಯಕ್ಕೆ ಮೊದಲು ಸಾವಿರಾರು ಜನ ಎದ್ದು ನಿಂತು ಅವರಿಗೆ ನಮಸ್ಕರಿಸುತ್ತಿದ್ದರು. ಆ ವರ್ಷ ಎದ್ದು ನಿಲ್ಲಲು ಕ್ರೀಡಾಂಗಣವೇ ತೆರೆದಿರಲಿಲ್ಲ.

2021ರ ಮೇನಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಪಂದ್ಯಕ್ಕೆಂದು ಮಾಲ್ಡೀವ್ಸ್‌ಗೆ ಹೋಗಿದ್ದ ಬೆಂಗಳೂರು ಎಫ್‌ಸಿಯ ಕೆಲವರು ಕೋವಿಡ್ ನಿಯಮ ಮುರಿದರೆಂದು ಅಲ್ಲಿನ ಕ್ರೀಡಾ ಸಚಿವರು ತಂಡಕ್ಕೆ ದೇಶ ಬಿಡಲು ಹೇಳಿದರು. ಕ್ಲಬ್ಬಿನ ಮಾಲೀಕರು ಬಹಿರಂಗವಾಗಿ ಕ್ಷಮೆ ಕೇಳಿದರು. ಪಂದ್ಯ ಆಗಸ್ಟ್ 15ಕ್ಕೆ ಹೋಯಿತು. ಅಭಿಮಾನಿಗಳು ಸಿಟ್ಟಾದರು, ಅದು ನ್ಯಾಯವೇ. ಎರಡನೇ ಅಲೆಯಲ್ಲಿ ಊರೆಲ್ಲ ಉಸಿರಿಗೆ ಒದ್ದಾಡುತ್ತಿದ್ದ ತಿಂಗಳು ಅದು. ಪಂದ್ಯದ ಹರಟೆಗೆಂದು ಮಾಡಿಕೊಂಡಿದ್ದ ನಮ್ಮ ವಾಟ್ಸಾಪ್ ಗುಂಪಿನಲ್ಲೂ ಆಗ ಬರುತ್ತಿದ್ದುದು ಹಾಸಿಗೆ ಎಲ್ಲಿದೆ, ಸಿಲಿಂಡರ್ ಯಾರ ಹತ್ತಿರ ಇದೆ, ಯಾವ ರಕ್ತದ ಗುಂಪು ಬೇಕು ಎಂಬ ಮೆಸೇಜುಗಳೇ. ಆರ್ಸೆನಲ್, ಯುನೈಟೆಡ್ ಎಂದು ಕಚ್ಚಾಡುತ್ತಿದ್ದವರೇ ಒಬ್ಬರಿಗೊಬ್ಬರು ಫೋನ್ ನಂಬರು ಹುಡುಕಿಕೊಟ್ಟರು.

ಇಷ್ಟು ವರ್ಷಗಳ ಮೇಲೆ ಹಿಂದಿರುಗಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಅಂದು ನಿಂತ ಪಂದ್ಯಗಳಿಗೆಲ್ಲ ಹೊಸ ದಿನಾಂಕ ಸಿಗಲಿಲ್ಲ. ಟಿವಿಯ ಹಣ ಇದ್ದಲ್ಲಿ ಸಿಕ್ಕಿತು. 2020ರ ಯುರೋ ಕಪ್ ಹೆಸರನ್ನೂ ಬದಲಿಸದೆ 2021ರಲ್ಲಿ ನಡೆಯಿತು. ಐಎಸ್‌ಎಲ್‌ಗೆ ಗೋವಾದ ಹೋಟೆಲುಗಳು ಸಿಕ್ಕವು. ಆದರೆ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಗೆ 2018–19ರ ನಂತರ ಮತ್ತೊಬ್ಬ ವಿಜೇತ ಸಿಗಲು 2021–22ರ ಸಾಲಿನವರೆಗೆ ಕಾಯಬೇಕಾಯಿತು. 2020ರಲ್ಲಿ ಭಾರತದಲ್ಲಿ ನಡೆಯಬೇಕಿದ್ದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಮೊದಲು ಮುಂದಕ್ಕೆ ಹೋಯಿತು, ಆಮೇಲೆ ರದ್ದಾಯಿತು. ಅದರ ಬದಲು ಸಿಕ್ಕ 2022ರ ಪಂದ್ಯಾವಳಿ ಭಾರತದಲ್ಲಿ ನಡೆದಾಗ, ಮೊದಲಿನದಕ್ಕಾಗಿ ಬೆವರು ಸುರಿಸಿದ್ದ ಹುಡುಗಿಯರಿಗೆ ವಯಸ್ಸು ಮೀರಿತ್ತು. ಪಂದ್ಯಾವಳಿಯನ್ನು ಮುಂದೂಡಬಹುದು, ಆಡುವ ವಯಸ್ಸನ್ನು ಮುಂದೂಡಲಾಗದು. ಎರಡನೇ ಮಹಾಯುದ್ಧ 1940 ಮತ್ತು 1944ರ ಒಲಿಂಪಿಕ್ಸನ್ನು ನುಂಗಿದಾಗಲೂ ಹೀಗೇ ಆಯಿತು. 1948ರ ಜುಲೈ 31ರಂದು ಲಂಡನ್ನಿನ ಪೂರ್ವಕ್ಕಿರುವ ಇಲ್ಫರ್ಡಿನಲ್ಲಿ ಒಲಿಂಪಿಕ್ಸ್ ಪಂದ್ಯದಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರ ಗೋಲು ಹೊಡೆದ ಬೆಂಗಳೂರಿನ ರಾಮನ್ ಹೆಸರು ಇತಿಹಾಸದಲ್ಲಿದೆ. ಯುದ್ಧದ ವರ್ಷಗಳಲ್ಲಿ ಪ್ರಾಯ ಕಳೆದುಕೊಂಡವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ನಷ್ಟ ಇದೇ ಬಗೆಯದು. ಯುಗಾದಿಯ ಆಸುಪಾಸಿನಲ್ಲಿ, ಬೇಸಿಗೆ ರಜೆಯಲ್ಲಿ ಊರೂರಲ್ಲಿ ನಡೆಯುವ ಟೂರ್ನಮೆಂಟುಗಳು, ಎಂಟ್ರಿ ಫೀಸು ಕೂಡಿಸಿ ಕಪ್ ಕೊಡುವ ಚಿಕ್ಕ ಆಟಗಳು ಸದ್ದಿಲ್ಲದೆ ನಿಂತವು. ಶಾಲೆಗಳು ಮುಚ್ಚಿದ್ದರಿಂದ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳೂ ನಿಂತವು. ಅವುಗಳನ್ನು ಮುಂದೂಡಿದ್ದೇವೆ ಎಂದು ಯಾರೂ ಪ್ರಕಟಣೆ ಹೊರಡಿಸಲಿಲ್ಲ, ಯಾವ ಪತ್ರಿಕೆಯೂ ಅದನ್ನು ಸುದ್ದಿ ಮಾಡಲಿಲ್ಲ. 2020ರಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದು ಜಿಲ್ಲಾ ಮಟ್ಟಕ್ಕೆ ಹೋಗುವ ಆಸೆ ಇಟ್ಟುಕೊಂಡಿದ್ದ ಹುಡುಗ ಶಾಲೆ ತೆರೆಯುವ ಹೊತ್ತಿಗೆ ಆ ಅವಕಾಶ ದಾಟಿ ಹೋಗಿದ್ದ. ಎಷ್ಟೋ ಜನ ಆಡುವುದನ್ನು ಬಿಟ್ಟು ನೋಡುವವರಾದರು. ಲಿವರ್‌ಪೂಲ್ ಪಂದ್ಯ ನಿಂತದ್ದಕ್ಕೆ ಅಷ್ಟು ಗೋಳಾಡಿದ ನಾವು ನಮ್ಮೂರ ಮೈದಾನದಲ್ಲಿ ಹುಲ್ಲು ಬೆಳೆದದ್ದನ್ನು ಗಮನಿಸಲಿಲ್ಲ.

ಒಳ್ಳೆಯ ದಿನಗಳು ಮರಳಿ ಬಂದವು. 2022ರ ಅಕ್ಟೋಬರ್ 8ರಂದು ಕಂಠೀರವದಲ್ಲಿ ಐಎಸ್‌ಎಲ್ ಮತ್ತೆ ಶುರುವಾಯಿತು. 2020ರ ಮಾರ್ಚ್ 1ರ ಆ ಸಂಜೆಗೂ ಇದಕ್ಕೂ ನಡುವೆ ಎರಡೂವರೆ ವರ್ಷಕ್ಕೂ ಹೆಚ್ಚು ಅಂತರ. ಬೆಂಗಳೂರು 1–0ಯಿಂದ ಗೆದ್ದಿತು, ಹುಡುಗರು ಮತ್ತೆ ತಿರುಪತಿ ಬಸ್ಸು ಹಿಡಿದರು. 2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. ಮೈಸೂರು ರಾಜ್ಯದ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಪಡೆದ ಕಪ್ ಅದು.

ಅಂಥ ತಂಡಕ್ಕೆ ಆಟಗಾರರು ಬರುವುದು ಟಿವಿಯಿಂದಲ್ಲ, ಶಾಲೆಯ ಅಂಗಳದಿಂದ. ಇಲ್ಲಿ ಇಂಗ್ಲೆಂಡಿನಲ್ಲಿದ್ದು ಇದನ್ನು ಓದುತ್ತಿರುವ ಕೋಲಾರ ಸೀಮೆಯವರಲ್ಲಿ ನನ್ನದೊಂದು ವಿನಂತಿ. ಊರಿಗೆ ಹೋದಾಗ ದೇವಸ್ಥಾನಕ್ಕೆ ಹೋಗಿ ಬನ್ನಿ, ಮುಳಬಾಗಿಲಿನ ದೋಸೆ ತಿನ್ನಿ. ಹಾಗೆಯೇ ನೀವು ಓದಿದ ಸರ್ಕಾರಿ ಶಾಲೆಗೆ ಹೋಗಿ, ದೈಹಿಕ ಶಿಕ್ಷಕರನ್ನು ಕಂಡು, ಮಕ್ಕಳಿಗೆ ಆಡಲು ಏನು ಬೇಕು ಎಂದು ಕೇಳಿ. ನಾಲ್ಕು ಚೆಂಡು, ಎರಡು ನೆಟ್, ವರ್ಷಕ್ಕೊಂದು ಟೂರ್ನಮೆಂಟಿನ ಖರ್ಚು ನಮಗೆ ದೊಡ್ಡದೇನಲ್ಲ. ಇಲ್ಲಿನ ನಮ್ಮ ಕನ್ನಡಿಗರ ಸಂಘವೂ ಪ್ರತಿವರ್ಷ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಸರದಿಯಂತೆ ಒಂದೊಂದು ಶಾಲಾ ಟೂರ್ನಮೆಂಟಿಗೆ ನೆರವು ಕೊಡಲಿ. ಅದರ ದಿನಾಂಕವನ್ನು ಈ ವರ್ಷದ ಸಭೆಯಲ್ಲೇ ಗೊತ್ತುಮಾಡೋಣ.