ಅಂಕಿತವೂ ಅಭಯವೂ



ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ದೈವೀ ಸಂಪತ್ತನ್ನು ಎಣಿಸುವಾಗ ಮೊಟ್ಟಮೊದಲು ಹೇಳುವುದು ಅಭಯವನ್ನು. ದಾನ, ಅಹಿಂಸೆ, ಸತ್ಯ ಎಲ್ಲವೂ ಅನಂತರ. ಇದನ್ನು ಪಾರಾಯಣ ಮಾಡುವ ನಾವೇ ಕಚೇರಿಗೆ ಹೋದೊಡನೆ ಮರೆಯುತ್ತೇವೆ. ಲೆಕ್ಕ ಬರೆಯುವುದಕ್ಕೆ ಸುಲಭವಾದ ಹೊಸ ಕ್ರಮವೊಂದು ಹೊಳೆಯುತ್ತದೆ. ಮೇಲಧಿಕಾರಿಗಳು ನಕ್ಕಾರು, ಪರಸ್ಥಳದಿಂದ ಬಂದವರಿಗೆ ಏಕೆ ಈ ಅಧಿಕಪ್ರಸಂಗ ಎಂದಾರು ಎಂದು ಸುಮ್ಮನಾಗುತ್ತೇವೆ. ಈ ಅಂಜಿಕೆಗೆ ವಿನಯವೆಂದು ಹೆಸರಿಟ್ಟುಕೊಳ್ಳುವುದೂ ಉಂಟು.

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಮೂಲ ರಾಯಚೂರು ಸೀಮೆ. 1956ರವರೆಗೆ ಆ ಜಿಲ್ಲೆಯು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದಿತು. ಅಲ್ಲಿಯ ಮಾನವಿಯ ಶ್ರೀಜಗನ್ನಾಥದಾಸರನ್ನು (1728–1809) ಈ ಸಂದರ್ಭದಲ್ಲಿ ಸ್ಮರಿಸಬೇಕು. ಮೊದಲಿಗೆ ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ಶ್ರೀವಿಜಯದಾಸರನ್ನು ಅಲಕ್ಷಿಸಿ ವ್ಯಾಧಿಗೆ ಗುರಿಯಾದುದು, ಶ್ರೀಗೋಪಾಲದಾಸರ ಅನುಗ್ರಹದಿಂದ ಗುಣಹೊಂದಿದುದು ಸಂಪ್ರದಾಯದಲ್ಲಿ ಪ್ರಸಿದ್ಧ. ವ್ಯಾಧಿಯೇನೋ ಹೋಯಿತು, ಪಂಡಿತಸಭೆ ಎಲ್ಲಿಗೆ ಹೋದೀತು? ತಾವೇ ಹಗುರವಾಗಿ ಕಂಡ ಭಾಷೆಯಲ್ಲಿ, ತಾವೇ ಹಗುರವಾಗಿ ಕಂಡವರ ವೇಷದಲ್ಲಿ, ನಿನ್ನೆಯ ವಿದ್ವಾಂಸರ ಎದುರು ನಿಲ್ಲುವುದು ವ್ಯಾಧಿಗಿಂತಲೂ ಕಠಿಣವೆಂದು ನಮಗೆ ತೋರುತ್ತದೆ. ಆದರೂ ನಿಂತರು. ದ್ವೈತಸಿದ್ಧಾಂತದ ಸೂಕ್ಷ್ಮ ಪ್ರಮೇಯಗಳನ್ನು ಭಾಮಿನೀ ಷಟ್ಪದಿಗೆ ಇಳಿಸಿ ಹರಿಕಥಾಮೃತಸಾರವನ್ನು ರಚಿಸಿದರು. ಛಂದಸ್ಸು ಹಳೆಯದು, ಕುಮಾರವ್ಯಾಸನು ಬಳಸಿದ್ದೇ. ಪ್ರಮೇಯಗಳೂ ಶ್ರೀಮದಾಚಾರ್ಯರು ತಿಳಿಸಿದುವೇ. ಎರಡನ್ನೂ ಹೀಗೆ ಕೂಡಿಸಿದ್ದು ಹೊಸದು. ಮುಂದೆ ಆ ಕನ್ನಡ ಕೃತಿಗೆ ಸಂಸ್ಕೃತದಲ್ಲಿಯೇ ವ್ಯಾಖ್ಯಾನ ಬಂದಿತು!

ಈ ಧೈರ್ಯ ಎಲ್ಲಿಯದು? ಹರಿಯೊಬ್ಬನೇ ಸ್ವತಂತ್ರನು, ಜೀವನ ಕರ್ತೃತ್ವವು ಅವನ ಅಧೀನ. ಇದು ನಮ್ಮ ಸಿದ್ಧಾಂತ. ತಾನೇ ಸ್ವತಂತ್ರನಾಗಿ ಮಾಡುತ್ತೇನೆಂದುಕೊಂಡವನಿಗೆ ಸೋಲೂ ಅಪಹಾಸ್ಯವೂ ತನ್ನ ತಲೆಯ ಮೇಲೆಯೇ, ಆದ್ದರಿಂದ ಅಂಜುತ್ತಾನೆ. ದಾಸರಾದರೋ ತಮ್ಮ ಕೃತಿಗಳಲ್ಲಿ ಜಗನ್ನಾಥವಿಠಲನ ಅಂಕಿತವನ್ನಿಟ್ಟರು. ಒಪ್ಪಿಸಿದ ಮೇಲೆ ನಿಂದೆಸ್ತುತಿಗಳಿಗೆ ತಾವೇಕೆ ಕಳವಳಗೊಳ್ಳಬೇಕು? ಹೀಗೆಂದರೆ ಅಜಾಗರೂಕತೆಗೆ ಎಡೆಯಾಗದೇ ಎಂದು ಕೇಳಬಹುದು. ನೈವೇದ್ಯದ ಅಕ್ಕಿಯಲ್ಲಿ ಕಲ್ಲನ್ನು ಉಳಿಸುವ ಗೃಹಿಣಿಯನ್ನು ನಾವಂತೂ ಕಂಡಿಲ್ಲ. ಸ್ವಾಮಿಗೆಂದು ಮಾಡಿದುದನ್ನೇ ಹೆಚ್ಚು ಎಚ್ಚರದಿಂದ ಆರಿಸುತ್ತಾರೆ.

ಸಂಧ್ಯಾವಂದನೆಯ ಕೊನೆಗೆ ಕೃಷ್ಣಾರ್ಪಣವೆಂದು ನೀರು ಬಿಡುತ್ತೇವೆ. ಹೊಸ ಕ್ರಮವನ್ನು ಬರೆದ ಕಾಗದವನ್ನು ಅಧಿಕಾರಿಗಳ ಮೇಜಿನ ಮೇಲಿಡುವಾಗಲೂ ಮನಸ್ಸಿನಲ್ಲಿ ಅದೇ ಮಾತನ್ನು ಹೇಳಿಕೊಳ್ಳೋಣ. ಅವರು ಒಪ್ಪದಿದ್ದರೆ ಕಾಗದ ಹಿಂದಿರುಗೀತು. ತಿದ್ದಿ ಮತ್ತೊಮ್ಮೆ ಕೊಡಲು ಅಡ್ಡಿಯೇನು?