ನಗರ ಯಾರನ್ನು ಕೇಳಿ ಬೆಳೆಯಬೇಕು?

ಬೀದರ್ ಪಟ್ಟಣ ಮುಗಿದು ಹೊಲಗಳು ಶುರುವಾಗುವಲ್ಲಿ ಒಂದು ಹಳ್ಳಿ. ಹೊಲ ಎಂದೆನಾದರೂ ಅರ್ಧಕ್ಕರ್ಧ ಈಗ ಪ್ಲಾಟುಗಳೇ. ತೊಗರಿ ಬೆಳೆಯುತ್ತಿದ್ದ ನೆಲದಲ್ಲಿ ಸುಣ್ಣ ಬಳಿದ ಗಡಿಕಲ್ಲುಗಳು ಸಾಲಾಗಿ ನಿಂತಿವೆ. ನಗರಾಡಳಿತದ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನಾನು ಪ್ರಶ್ನಾವಳಿ ಹಿಡಿದುಕೊಂಡು ಅಲ್ಲಿಗೆ ಹೋಗಿದ್ದೆ. ಒಟ್ಟು 42 ಪ್ರಶ್ನೆಗಳು. ಮನೆಗೆ ನಳ ಇದೆಯೇ, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ, ಚರಂಡಿ ಇದೆಯೇ, ವರ್ಷಕ್ಕೆ ಎಷ್ಟು ಕರ ಕಟ್ಟುತ್ತೀರಿ, ಹೀಗೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ನಾನು ಕಾಗದ ಮಡಚುವಾಗ ಅವರೇ ಒಂದು ಪ್ರಶ್ನೆ ಕೇಳಿದರು.

"ತಮ್ಮಾ, ನಮ್ಮೂರು ಬೀದರದಾಗ ಸೇರ್ತದಂತ, ಖರೆ ಏನು?"

"ಹಂಗ ಮಾತು ನಡದದ, ಆಯಿ."

"ನಾವು ಬ್ಯಾಡ ಅಂದ್ರ ಬಿಡ್ತಾರೇನು?"

ನಾನು ತಡವರಿಸಿದೆ. ಅವರೇ ನಕ್ಕು, "ಬೇಕಂದ್ರೂ ಅಷ್ಟೇ, ಬ್ಯಾಡಂದ್ರೂ ಅಷ್ಟೇ. ನಮಗ್ಯಾರು ಕೇಳ್ತಾರ" ಅಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಈ ಸಲ ಮಳೆ ತಡ ಅದ ಎನ್ನುವ ಹಾಗೆ ಹೇಳಿದ್ದರು. ಸಂಜೆ ರೂಮಿಗೆ ಬಂದು ಪ್ರಶ್ನಾವಳಿಯನ್ನು ಮತ್ತೆ ಓದಿದೆ. ನನ್ನ 42 ಪ್ರಶ್ನೆಗಳಲ್ಲಿ "ನಿಮ್ಮ ಊರು ನಗರಕ್ಕೆ ಸೇರುವುದು ನಿಮಗೆ ಬೇಕೇ?" ಎಂಬುದೊಂದು ಇರಲೇ ಇಲ್ಲ. ಆಡಳಿತ ಕೇಳಲಿಲ್ಲ ಎಂದು ಪ್ರಬಂಧ ಬರೆಯಲು ಹೊರಟವನು ನಾನೂ ಕೇಳಿರಲಿಲ್ಲ. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಒಂದು ನಗರ ಬೆಳೆಯುವಾಗ ಯಾರನ್ನು ಕೇಳಿ ಬೆಳೆಯಬೇಕು? ಕೇಳದೆ ಬೆಳೆದರೆ ಅದರಲ್ಲಿ ತಪ್ಪೇನು?

2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ನಡೆದ ಸಚಿವ ಸಂಪುಟ ಸಭೆ ಬೀದರ್ ಮತ್ತು ರಾಯಚೂರು ನಗರಸಭೆಗಳನ್ನು ಮಹಾನಗರ ಪಾಲಿಕೆಗಳನ್ನಾಗಿ ಮಾಡಲು ತೀರ್ಮಾನಿಸಿತು. ಬೀದರಿನವನಾಗಿ ನನಗೂ ಆಗ ಖುಷಿಯಾಗಿತ್ತು. ಯಾವಾಗಲೂ ನಕ್ಷೆಯ ತುದಿಯಲ್ಲಿರುವ ಊರು, ಒಮ್ಮೆಯಾದರೂ ಪಟ್ಟಿಯ ಮೇಲಕ್ಕೆ ಬಂತಲ್ಲ ಎಂದು. ಆದರೆ ಕಾಯ್ದೆಯ ಲೆಕ್ಕ ಬೇರೆಯೇ ಇದೆ. ಕರ್ನಾಟಕದಲ್ಲಿ ಮಹಾನಗರ ಪಾಲಿಕೆ ಆಗಲು ಕನಿಷ್ಠ 3 ಲಕ್ಷ ಜನಸಂಖ್ಯೆ ಬೇಕು. 2011ರ ಜನಗಣತಿಯಲ್ಲಿ ಬೀದರ್ ನಗರದ ಜನಸಂಖ್ಯೆ ಸುಮಾರು 2 ಲಕ್ಷ 16 ಸಾವಿರ. ನಗರ ತಾನಾಗಿಯೇ ಬೆಳೆದಿದೆ, ನಿಜ. ಆದರೂ ಇಂಥ ಲೆಕ್ಕ ತುಂಬಬೇಕಾದಾಗ ಸುತ್ತಲಿನ ಹಳ್ಳಿಗಳ ನೆನಪಾಗುತ್ತದೆ. ಆಗ ಕಟ್ಟೆಯ ಮೇಲಿನ ಆ ಅಜ್ಜಿ ಬೇಕಾಗುವುದು ಒಂದು ತಲೆಯಾಗಿ. ಅವರ ಮಾತು ಬೇಕೋ ಬೇಡವೋ ಎಂಬುದನ್ನು ಲೆಕ್ಕ ಹೇಳುವುದಿಲ್ಲ.

ಹಳ್ಳಿ ನಗರಕ್ಕೆ ಸೇರಿದರೆ ಬರುವುದೂ ಇದೆ, ಹೋಗುವುದೂ ಇದೆ. ಒಳಚರಂಡಿ, ಬೀದಿದೀಪ, ಡಾಂಬರು ರಸ್ತೆ ಬರಬಹುದು. ಹೊಲದ ಬೆಲೆ ಏರಬಹುದು. ಹೋಗುವುದು ಮಾತ್ರ ಕಣ್ಣಿಗೆ ಕಾಣದ್ದು. ಪಂಚಾಯಿತಿ ಹೋದರೆ ಗ್ರಾಮಸಭೆಯೂ ಹೋಗುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಆ ಸಭೆಯ ಸದಸ್ಯರು. 3 ಲಕ್ಷ ದಾಟಿದ ಕಡೆ ವಾರ್ಡ್ ಸಮಿತಿ ಇರಬೇಕು ಎಂದು 74ನೇ ತಿದ್ದುಪಡಿ ಹೇಳುತ್ತದೆ. ಆದರೆ ಸಮಿತಿ ಎಂದರೆ ಕೆಲವರು, ಸಭೆ ಎಂದರೆ ಎಲ್ಲರೂ. ಜೊತೆಗೆ 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದದ್ದೇ ಗ್ರಾಮೀಣ ಪ್ರದೇಶಕ್ಕೆಂದು. ಊರು ನಗರವಾದ ದಿನ ಜಾಬ್ ಕಾರ್ಡ್ ಬರೀ ಕಾಗದವಾಗುತ್ತದೆ. ಪ್ಲಾಟು ಮಾರುವವನಿಗೆ ಹಬ್ಬವಾಗುವ ಗಳಿಗೆಯೇ ಕೂಲಿಗೆ ಹೋಗುವವಳಿಗೆ ನಷ್ಟದ ಗಳಿಗೆ.

"ಒಳ್ಳೆಯದೇ ಆಗುವುದಾದರೆ ಕೇಳುವುದೇಕೆ?" ಎಂದು ಸ್ನೇಹಿತನೊಬ್ಬ ವಾದಿಸಿದ. ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ನೀರು, ಕಸ, ಸಾರಿಗೆ ಇವು ಯಾವುವೂ ಪಂಚಾಯಿತಿಯ ಗಡಿಗೆ ನಿಲ್ಲುವುದಿಲ್ಲ. ಪ್ರತಿ ಹಳ್ಳಿಯೂ ತನ್ನ ಪಾಡಿಗೆ ತಾನಿದ್ದರೆ ದೊಡ್ಡ ಪೈಪು ಎಳೆಯುವವರು ಯಾರು?

ಇದಕ್ಕೆ ಬೆಂಗಳೂರಿನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಹಳ್ಳಿಗಳ ಪಂಚಾಯಿತಿ ಕೂಡಲೇ ಹೋಯಿತು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರಲ್ಲಿ. ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತದ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಗಡಿ ಒಂದು ಅಧಿಸೂಚನೆಯಲ್ಲಿ ಬಂತು, ನೀರು ಬರಲು 17 ವರ್ಷ ಬೇಕಾಯಿತು. ಈ ನಡುವೆ 2020ರ ಸೆಪ್ಟೆಂಬರ್‌ಗೆ ಪಾಲಿಕೆಯ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ, ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯನ್ನೇ ಐದು ಪಾಲಿಕೆಗಳಾಗಿ ಮಾಡಿದಾಗ ಅದರಲ್ಲಿ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಸೇರಿಸುವಾಗಲೂ ಒಡೆಯುವಾಗಲೂ ವಾದ ಒಂದೇ: ಆಡಳಿತ ಸುಲಭವಾಗಲಿ. ಇರಬಹುದು. ಆದರೆ "ಒಳ್ಳೆಯದೇ ಆಗುವುದಾದರೆ" ಎಂಬ ಮಾತಿನಲ್ಲಿ, ಯಾವಾಗ ಆಗುತ್ತದೆ, ಅಲ್ಲಿಯವರೆಗೆ ಕಾಯುವವರು ಯಾರು ಎಂಬ ಎರಡು ಪ್ರಶ್ನೆಗಳು ಮುಚ್ಚಿಹೋಗುತ್ತವೆ. ಕಾಯಬೇಕಾದವರನ್ನು ಕೇಳಿದ್ದರೆ ಅವು ಮೊದಲ ದಿನವೇ ಎದ್ದು ನಿಲ್ಲುತ್ತಿದ್ದವು.

ಇಷ್ಟಾಗಿಯೂ ಇದು ಬರೀ ಲಾಭ ನಷ್ಟದ ಮಾತಲ್ಲ. ನಮ್ಮ ಕಡೆ ಹೋಳಿಗೆಯ ಊಟದಲ್ಲಿ "ಇನ್ನೊಂದು ಹಾಕ್ಲೇನು?" ಎಂದು ಕೇಳಿಯೇ ಬಡಿಸುತ್ತಾರೆ. ಹೋಳಿಗೆ ಎಷ್ಟೇ ರುಚಿಯಾಗಿದ್ದರೂ ಎಲೆ ಉಣ್ಣುವವನದು. ಕೇಳದೆ ಬಡಿಸಿದವನು ಹಸಿವನ್ನು ತಾನೇ ಬಲ್ಲೆ ಎಂದುಕೊಂಡವನು.

ಕನ್ನಡದಲ್ಲಿ "ಕೇಳು" ಎಂಬುದಕ್ಕೆ ಎರಡು ಅರ್ಥ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ನಮ್ಮ ಆಡಳಿತ ಈ ಎರಡನ್ನೂ ಬೇರೆ ಮಾಡಿದೆ ಅನಿಸುತ್ತದೆ. ಪಾಲಿಕೆಯ ಗಡಿ ಗುರುತಿಸುವ ಮೊದಲು ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕರೆಯುವ ಕ್ರಮ ಕಾಯ್ದೆಯಲ್ಲೇ ಇದೆ. ಪ್ರಶ್ನೆ ಹಾಕಿದಂತಾಯಿತು. ಆದರೆ ಅಧಿಸೂಚನೆ ಓದಲು ಬಾರದ, ಅರ್ಜಿ ಬರೆಯಲು ಬಾರದ ಮನುಷ್ಯಳ ಉತ್ತರ ಯಾವ ಕಿವಿಗೆ ಬೀಳಬೇಕು?

ತಿಳಿಸುವುದಕ್ಕೂ ಕೇಳುವುದಕ್ಕೂ ಇರುವ ಅಂತರ ನಮ್ಮ ಜಿಲ್ಲೆಗೆ ಹೊಸದಲ್ಲ. ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಅಣೆಕಟ್ಟೆ ಇದೆ. ಅದಕ್ಕಾಗಿ ಭೂಮಿ ಕಳೆದುಕೊಂಡವರು ಹತ್ತಾರು ವರ್ಷಗಳ ನಂತರವೂ ನ್ಯಾಯವಾದ ಪರಿಹಾರಕ್ಕಾಗಿ ಬೀದರಿನಲ್ಲಿ ಧರಣಿ ಕೂತವರು. ನಾನು ಆ ಪೆಂಡಾಲಿನ ಮುಂದೆ ಎಷ್ಟೋ ಸಲ ಬಸ್ಸಿಗೆ ಓಡಿದ್ದೇನೆ. ಜಲಾಶಯ ಬೇಕಿರಲಿಲ್ಲ ಎಂದು ಹೇಳಲು ನನ್ನಿಂದಾಗದು. ಆದರೆ ಭೂಮಿ ಹೋಗುತ್ತದೆ ಎಂದು ತಿಳಿಸಿದರೆ ಸಾಕು, ಕೇಳಬೇಕಾಗಿಲ್ಲ ಎಂದುಕೊಂಡ ಕಡೆ ಲೆಕ್ಕ ಎಂದೂ ಮುಗಿಯುವುದಿಲ್ಲ.

ಇಲ್ಲಿಯವರೆಗೆ ಬರೆದು ನನಗೇ ಅನುಮಾನ ಬಂತು. ನಾನು ಹಳ್ಳಿಯನ್ನು ಬಹಳ ಒಳ್ಳೆಯದಾಗಿ ಕಾಣುತ್ತಿದ್ದೇನೆಯೇ?

ನನ್ನ ಊರು ಔರಾದ್ ತಾಲ್ಲೂಕಿನಲ್ಲಿದೆ. ನಮ್ಮ ಕಾಕಾ ಇಪ್ಪತ್ತು ವರ್ಷಗಳಿಂದ ಹೈದರಾಬಾದಿನಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಹೈದರಾಬಾದ್ ನಮಗೆ ದೂರದ ಊರಲ್ಲ, 1956ರವರೆಗೆ ನಮ್ಮ ಅಜ್ಜಂದಿರ ರಾಜಧಾನಿ ಅದೇ. ಭಾಲ್ಕಿ, ಔರಾದ್ ಹಾದುಹೋಗುವ ಮಾಂಜ್ರಾ ನದಿಯೂ ಮುಂದೆ ತೆಲಂಗಾಣಕ್ಕೆ ಹೋಗಿ, ಸಿಂಗೂರಿನ ಜಲಾಶಯದಿಂದ ಹೈದರಾಬಾದಿನ ನಳಗಳಿಗೆ ಹರಿದಿದೆ. ನಮ್ಮ ನೀರು, ನಮ್ಮ ಮಂದಿ ಇಬ್ಬರೂ ಒಂದೇ ದಾರಿ ಹಿಡಿದವರು. ಕಾಕಾ ಊರು ಬಿಟ್ಟದ್ದು ಬರೀ ಕೂಲಿಗಾಗಿ ಅಲ್ಲ. ಊರಿನಲ್ಲಿ ಬಾವಿ ಯಾರದು, ಹೋಟೆಲಿನ ಕಪ್ಪು ಯಾರಿಗೆ ಎಂಬ ಲೆಕ್ಕವಿತ್ತು. ಗ್ರಾಮಸಭೆಯಲ್ಲಿ ಅವನು ಎಂದೂ ಬಾಯಿ ತೆರೆದವನಲ್ಲ. ಗೋಡೆಗೆ ಒರಗಿ ನಿಂತು ಬರುತ್ತಿದ್ದ, ಅಷ್ಟೇ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಹಳ್ಳಿಯನ್ನು ಹೊಗಳುವವರನ್ನು ಟೀಕಿಸಿದ್ದು ಏಕೆಂದು ನನಗೆ ಪುಸ್ತಕಕ್ಕಿಂತ ಮೊದಲು ಕಾಕಾನಿಂದ ಅರ್ಥವಾಗಿದೆ.

ಹಾಗಾದರೆ ಹೈದರಾಬಾದ್ ಅವನಿಗೆ ಏನು ಕೊಟ್ಟಿತು? ಒಮ್ಮೆ ಪಂಚಾಯಿತಿ ಚುನಾವಣೆಗೆ ಓಟು ಹಾಕಲು ಬಂದಾಗ ಕೇಳಿದೆ. "ಇಲ್ಲಿ ಪಟ್ಟಿದಾಗ ಹೆಸರದ, ಕೆಲಸ ಇಲ್ಲ. ಅಲ್ಲಿ ಕೆಲಸ ಅದ, ಹೆಸರಿಲ್ಲ" ಅಂದ. ಅವನು ಕಟ್ಟಿದ ಕಟ್ಟಡಗಳಿರುವ ವಾರ್ಡಿನಲ್ಲಿ ಅವನಿಗೆ ಓಟಿಲ್ಲ. ಬಾಡಿಗೆಗೆ ಕಾಗದವಿಲ್ಲ, ಆದ್ದರಿಂದ ವಿಳಾಸವಿಲ್ಲ. ನಗರ ಅವನ ಜಾತಿ ಕೇಳಲಿಲ್ಲ, ಅದು ಸಣ್ಣ ಉಪಕಾರವಲ್ಲ. ಆದರೆ ಅದು ಬೇರೆ ಏನನ್ನೂ ಕೇಳಲಿಲ್ಲ.

ಕಾಕಾನ ಕಥೆ ನನ್ನ ವಾದವನ್ನು ಬೀಳಿಸುವುದಿಲ್ಲ, ತಿದ್ದುತ್ತದೆ. ಊರನ್ನು ಕೇಳಬೇಕು ಎಂದರೆ ಸಾಲದು. ಊರು ಎಂಬುದಕ್ಕೆ ಒಂದೇ ಬಾಯಿ ಇಲ್ಲ. ಇರುವ ಒಂದು ಬಾಯಿ ಹೆಚ್ಚಾಗಿ ಹೊಲ ಇದ್ದವರದು. ಅವರಿಗೆ ಬೇಕು ಎನ್ನಲೂ ಬೇಡ ಎನ್ನಲೂ ಕಾರಣಗಳಿರುತ್ತವೆ, ತಲುಪಿಸಲು ದಾರಿಯೂ ಇರುತ್ತದೆ. ಗೋಡೆಗೆ ಒರಗಿ ನಿಂತವರನ್ನು ಮೊದಲು ಕೇಳಿದಾಗ ಮಾತ್ರ ಊರನ್ನು ಕೇಳಿದಂತೆ. ಹಾಗೆಯೇ, ಕೇಳುವುದೆಂದರೆ ಅವರು ಬೇಡ ಎಂದ ಕೂಡಲೇ ಬಿಟ್ಟುಬಿಡುವುದೂ ಅಲ್ಲ. ಒಂದು ಹಳ್ಳಿಯ ಹಟಕ್ಕೆ ಇಡೀ ನಗರದ ಒಳಚರಂಡಿ ನಿಲ್ಲಬಾರದು. ಆದರೆ ಬೇಡ ಎಂದವಳಿಗೆ ಏಕೆ ಆಗಲಿಲ್ಲ ಎಂದು ಎದುರು ನಿಂತು ಹೇಳುವ ಋಣ ನಗರಕ್ಕಿದೆ. ಅವಳು ಕಳೆದುಕೊಂಡದ್ದಕ್ಕೆ ಬದಲಿ ಕೊಡುವ ಋಣವೂ ಇದೆ. ಜಾಬ್ ಕಾರ್ಡ್ ಹೋದರೆ ನಗರದಲ್ಲಿ ಕೂಲಿಯ ದಾರಿ ಯಾವುದು, ಗ್ರಾಮಸಭೆ ಹೋದರೆ ಕೂತು ಮಾತಾಡುವ ಜಾಗ ಯಾವುದು, ಮೊದಲ ಚುನಾವಣೆ ಯಾವ ತಿಂಗಳು ಎಂಬುದನ್ನು ಗಡಿಯ ಜೊತೆಗೇ ಹೇಳಬೇಕು. ಇದನ್ನು ಹೇಳಲಾಗದ ನಗರಕ್ಕೆ ಇನ್ನೂ ಬೆಳೆಯುವ ಹಕ್ಕು ಬಂದಿಲ್ಲ ಎಂದು ನನಗೆ ಅನಿಸುತ್ತದೆ.

ಪ್ರಶ್ನಾವಳಿಗೆ 43ನೇ ಪ್ರಶ್ನೆ ಸೇರಿಸಿ ಮತ್ತೆ ಆ ಹಳ್ಳಿಗೆ ಹೋದೆ. ಅಜ್ಜಿ ಅದೇ ಕಟ್ಟೆಯ ಮೇಲಿದ್ದರು. ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ನಳಕ್ಕ ದಿನಾ ನೀರು ಬರ್ತದಂದ್ರ ಬೇಕು. ನನ್ನ ಸೊಸಿ ಕೂಲಿ ಹೋತದಂದ್ರ ಬ್ಯಾಡ. ಮೊದಲು ಅದು ಕೇಳಿಕೊಂಡು ಬಾ, ಆಮ್ಯಾಲ ಹೇಳ್ತೀನಿ" ಅಂದರು. ನನ್ನ ಕಾಗದದಲ್ಲಿ ಹೌದು, ಇಲ್ಲ ಎಂಬ ಎರಡೇ ಚೌಕಗಳಿದ್ದವು. ಎರಡನ್ನೂ ಖಾಲಿ ಬಿಟ್ಟೆ. ಅವರ ಮಾತನ್ನು ಹಾಳೆಯ ಹಿಂಬದಿಗೆ ಬರೆದುಕೊಂಡು, ಯಾರ ಬಳಿ ಹೋಗಿ ಕೇಳಬೇಕು ಎಂದು ಯೋಚಿಸುತ್ತ ಬೀದರಿನ ಬಸ್ಸು ಹತ್ತಿದೆ.