ಕೊನೆಯ ನಲ್ಲಿಯ ನೀರು ಯಾರ ಹೊಣೆ?

ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಂಥ ಊರಿನಲ್ಲಿ ಕುಡಿಯುವ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವವನು ಯಾರೆಂದು ಎಲ್ಲರಿಗೂ ಗೊತ್ತಿರುತ್ತದೆ. ನೀರು ಕೆಟ್ಟ ವಾಸನೆ ಬಂದರೆ ಜನ ವಾಟರ್‌ಮನ್‌ನನ್ನು ದಾರಿಯಲ್ಲೇ ನಿಲ್ಲಿಸಿ ಕೇಳುತ್ತಾರೆ, ಬೈಯುವುದೂ ಉಂಟು. ಅದೇ ಊರಿನ ಮಕ್ಕಳು ಓದಲೆಂದು ದಾವಣಗೆರೆಗೋ ಬೆಂಗಳೂರಿಗೋ ಹೋಗಿ ನಾಲ್ಕು ಮಹಡಿಯ ಹಾಸ್ಟೆಲ್ ಸೇರಿದರೆ, ಅಲ್ಲಿ ಯಾರನ್ನು ನಿಲ್ಲಿಸಿ ಕೇಳಬೇಕು?

2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನ 47 ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರಲ್ಲಿ ಕಾಲರಾ ಇರುವುದು ಪತ್ತೆಯಾಯಿತು. ಊಟದ ಮೇಲೂ ನೀರಿನ ಮೇಲೂ ಅನುಮಾನ ಹೋಯಿತು. ನಾಳೆ ಇನ್ನೊಬ್ಬರ ಕಾಲರಾಕ್ಕೆ ಮದ್ದು ಕೊಡಬೇಕಾದವರು ಅವರು.

ನೀರು ಕಟ್ಟಡದ ಸಂಪಿಗೆ ಬೀಳುವವರೆಗೆ ಅದರ ಲೆಕ್ಕ ಕೇಳಲು ಒಂದು ಕಚೇರಿಯಾದರೂ ಇದೆ. ಸಂಪು ದಾಟಿದ ಮೇಲೆ ಅದು ಅನಾಥ. ಕ್ಲೋರಿನ್ ಹಾಕಿದಲ್ಲೇ ಉಳಿಯುವ ವಸ್ತುವಲ್ಲ. ಬಿಸಿಲಿಗೆ ಕಾದ ಟ್ಯಾಂಕು, ತಳದ ಕೆಸರು, ತುಕ್ಕು ಹಿಡಿದ ಪೈಪು, ರಜೆಯ ದಿನಗಳಲ್ಲಿ ನಿಂತ ನೀರು, ಎಲ್ಲವೂ ಅದನ್ನು ತಿಂದುಹಾಕುತ್ತವೆ. ನೀರಿಗೆ ಕ್ಲೋರಿನ್ ಬಳಸಿದಲ್ಲಿ, ಬಳಕೆದಾರರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ 10500. ನಾವು ಹೆಮ್ಮೆಯಿಂದ ಕೂರಿಸುವ ಫಿಲ್ಟರಿನ ಇದ್ದಿಲು ಆ ಕ್ಲೋರಿನ್ನನ್ನೂ ಹೀರಿಬಿಡುತ್ತದೆ. ಶುದ್ಧವಾದ ಆ ನೀರು ತೊಳೆಯದ ಸ್ಟೀಲ್ ಡ್ರಮ್ಮಿನಲ್ಲಿ ಕಾವಲಿಲ್ಲದೆ ಕೂರುತ್ತದೆ. ಮೇಲೊಂದು ಲೋಟ, ಅದಕ್ಕೊಂದು ಸರಪಳಿ. ಲೋಟಕ್ಕಿರುವ ಭದ್ರತೆ ನೀರಿಗಿಲ್ಲ.

ಅಳತೆ ಕಷ್ಟದ್ದೇನಲ್ಲ. ಸಣ್ಣ ನಳಿಕೆಯಲ್ಲಿ ನೀರು ಹಿಡಿದು ಒಂದು ಮಾತ್ರೆ ಹಾಕಿದರೆ, ಕ್ಲೋರಿನ್ ಇದ್ದಲ್ಲಿ ಗುಲಾಬಿ ಬಣ್ಣ ಬರುತ್ತದೆ. ಇಷ್ಟು ಸುಲಭವಾಗಿ ತಿಳಿಯಬಹುದಾದದ್ದನ್ನು ತಿಳಿಯದೆ ಉಳಿದು, ಆಮೇಲೆ 'ನಮಗೆ ಗೊತ್ತಿರಲಿಲ್ಲ' ಎನ್ನುವವನು ನಿರ್ದೋಷಿಯೇ? ಅಲ್ಲ ಎಂದೇ ನನ್ನ ಅನಿಸಿಕೆ. ಕೆಲವು ಅಜ್ಞಾನಗಳನ್ನು ನಾವು ಬೇಕೆಂದೇ ಸಾಕಿಕೊಂಡಿರುತ್ತೇವೆ, ಅಳೆದರೆ ರಿಪೇರಿ ಮಾಡಿಸಬೇಕಾಗುತ್ತದೆಂದು.

ಉರ್ದುವಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ನಮ್ಮ ವಶಕ್ಕೊಪ್ಪಿಸಿದ್ದು. ಕನ್ನಡದ ಕಚೇರಿಗಳಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ಹೊರಗಿಡುವ ಆದೇಶ. ಮೊದಲನೆಯ ಅರ್ಥವನ್ನು ಮರೆತ ಕಟ್ಟಡಗಳಲ್ಲಿ ಅನಾಹುತದ ಮರುದಿನ ಎರಡನೆಯದು ಬರುತ್ತದೆ. ಅದೂ ಬಹುಮಟ್ಟಿಗೆ ಟ್ಯಾಂಕು ತೊಳೆಯುವ, ಎಲ್ಲರಿಗಿಂತ ಕಡಿಮೆ ಸಂಬಳದವನ ಮೇಲೆ. ಅವನಿಗೆ ಮಾತ್ರೆ ಕೊಳ್ಳುವ ಅಧಿಕಾರವಿಲ್ಲ, ಪೈಪು ಬದಲಿಸುವ ಅಧಿಕಾರವೂ ಇಲ್ಲ. ಹೊಣೆ ಇರಬೇಕಾದದ್ದು ಖರ್ಚಿಗೆ ಸಹಿ ಹಾಕುವ ಕೈಯಲ್ಲಿ.

ಅಳೆಯುವುದಾದರೆ ಸಂಪಿನ ಬಳಿ ಅಳೆದು ಸಮಾಧಾನಪಡಬಾರದು. ಮೇಲಿನ ಮಹಡಿಯ ಕೊನೆಯ ನಲ್ಲಿಯಲ್ಲಿ, ರಜೆ ಮುಗಿದ ಮೊದಲ ಬೆಳಿಗ್ಗೆ ಅಳೆಯಬೇಕು. ಫಲಿತಾಂಶವನ್ನು ಕುಡಿಯುವವರಿಗೆ ಕಾಣುವಂತೆ ಅಲ್ಲೇ ಗೋಡೆಯ ಮೇಲೆ ಬರೆದಿಡಬೇಕು. 'ಇಂದು ಬಣ್ಣ ಬರಲಿಲ್ಲ' ಎಂದು ಬರೆದವನ ಕೆಲಸಕ್ಕೆ ಕುತ್ತು ಬರಬಾರದು. ಇಲ್ಲದಿದ್ದರೆ ಆ ಹಾಳೆಯಲ್ಲಿ ವರ್ಷವಿಡೀ ಗುಲಾಬಿಯೇ ಅರಳಿರುತ್ತದೆ.